ಮಿಕ್ಕ ರಜೆಯ ಲೆಕ್ಕ ನೀವೇ ಹಾಕಿ

ಸಂಬಳದ ಚೀಟಿ ಕೈಗೆ ಬಂದಾಗ ಕಣ್ಣು ಓಡುವುದು ಕೊನೆಯ ಮೊತ್ತದತ್ತ. ಮೇಲಿರುವ ‘ಎಲ್‌ಒಪಿ’ (ಗೈರಿಗೆ ಸಂಬಳ ಕಡಿತ), ‘ಇಎಲ್ ಬ್ಯಾಲೆನ್ಸ್’ (ಮಿಕ್ಕ ಗಳಿಕೆ ರಜೆ) ಎಂಬ ಸಾಲುಗಳನ್ನು ಎಷ್ಟೋ ಮಂದಿ ಮೊದಲ ಬಾರಿ ಗಮನಿಸುವುದೇ ಕೆಲಸ ಬಿಡುವಾಗ. ಬಳಸದೆ ಉಳಿದ ಗಳಿಕೆ ರಜೆ ದುಡಿದು ಸಂಪಾದಿಸಿದ ಸಂಬಳವೇ. ಮಾಲೀಕರು ದೊಡ್ಡ ಮನಸ್ಸು ಮಾಡಿ ಕೊಡುವಂಥದ್ದಲ್ಲ.

ಮೊದಲು, ಎಷ್ಟು ಗಳಿಸಿದ್ದೀರಿ ನೋಡಿ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದ ರಜೆ. ವರ್ಷಕ್ಕೆ 300 ದಿನ ದುಡಿದರೆ 15 ರಜೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದಕ್ಕೆ ವರ್ಷಕ್ಕೆ 240 ದಿನಗಳ ಹಾಜರಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ 180 ದಿನ ಸಾಕು. ಅಂಗಡಿ, ಹೋಟೆಲ್, ಐಟಿ ಕಚೇರಿಯವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿಯೂ 20ಕ್ಕೆ ಒಂದೇ ಲೆಕ್ಕ. ಮ್ಯಾನೇಜರ್ ದರ್ಜೆಯವರು ನೇಮಕಾತಿ ಪತ್ರದ ಷರತ್ತನ್ನೂ ಓದಿಕೊಳ್ಳಬೇಕು.

ನಂತರ, ಖಾತೆಯಿಂದ ತಪ್ಪಾಗಿ ಕಳೆದದ್ದನ್ನು ಹುಡುಕಿ. ಶನಿವಾರ, ಸೋಮವಾರ ರಜೆ ಹಾಕಿದರೆ ನಡುವಿನ ಭಾನುವಾರವನ್ನೂ ಸೇರಿಸಿ ಮೂರು ದಿನ ಕಳೆಯುವ ಪದ್ಧತಿ ಕೆಲವೆಡೆ ಇದೆ. ಕಾರ್ಖಾನೆ ಕಾರ್ಮಿಕರ ವಾರ್ಷಿಕ ರಜೆಯಲ್ಲಿ ನಡುವೆ ಬರುವ ವಾರದ ರಜೆ, ಹಬ್ಬದ ರಜೆಗಳನ್ನು ಎಣಿಸುವಂತಿಲ್ಲ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇನ್ನೈದು ಹಬ್ಬಗಳಿಗೆ ಸಂಬಳ ಸಹಿತ ರಜೆ ಇದೆ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜತೆಗೆ ಬದಲಿ ರಜೆ.

ಇನ್ನು ಕಡಿತದ ವಿಷಯ. ಮೋಸ ಹೆಚ್ಚು ನಡೆಯುವುದು ಇಲ್ಲೇ, ಆದ್ದರಿಂದ ಪೆನ್ನು ಹಿಡಿದು ಕೂರಿ. ತಿಂಗಳ ಸಂಬಳ 15,600 ರೂಪಾಯಿ ಎನ್ನಿ. 26ರಿಂದ ಭಾಗಿಸಿದರೆ ದಿನಕ್ಕೆ 600, 30ರಿಂದ ಭಾಗಿಸಿದರೆ 520. ಗೈರುಹಾಜರಾದ ದಿನಕ್ಕೆ 600 ಕಡಿದು, ಮಿಕ್ಕ ರಜೆಗೆ ಹಣ ಕೊಡುವಾಗ 520ರಂತೆ ಎಣಿಸುವ ಕಚೇರಿಗಳಿವೆ. 14 ದಿನದ ರಜೆ ಉಳಿದಿದ್ದರೆ 8,400ರ ಬದಲು 7,280 ಸಿಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಆ 1,120 ರೂಪಾಯಿ ಸಣ್ಣ ಮೊತ್ತವಲ್ಲ. ರಜೆಯನ್ನು ಕೆಲಸದ ದಿನಗಳ ಮೇಲಷ್ಟೇ ಎಣಿಸುವುದರಿಂದ 26ರ ಭಾಗಾಕಾರವೇ ನ್ಯಾಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕನಿಷ್ಠ, ಕಡಿಯುವಾಗಲೂ ಕೊಡುವಾಗಲೂ ಒಂದೇ ಸಂಖ್ಯೆ ಬಳಸಿ ಎಂದು ಕೇಳಿ. ಕಡಿತವು ಗೈರಾದ ಅವಧಿಯ ಪ್ರಮಾಣ ಮೀರಬಾರದು ಎನ್ನುತ್ತದೆ ಹೊಸ ಕಾರ್ಮಿಕ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆ. ಹತ್ತು ನಿಮಿಷ ತಡವಾಗಿ ಬಂದು ಕೆಲಸಕ್ಕೆ ಕೂತವರಿಗೆ ಅರ್ಧ ದಿನದ ಸಂಬಳ ಕಡಿಯುವುದು ಇದಕ್ಕೆ ವಿರುದ್ಧ.

ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಕಾರ್ಖಾನೆಗಳಲ್ಲಿ 30 ದಿನ, ರಾಜ್ಯದ ಅಂಗಡಿ ಕಾಯ್ದೆಯಡಿ 45 ದಿನಗಳ ಮಿತಿಯಿದೆ. ರಜೆಗೆ 180 ದಿನ ಸಾಕೆನ್ನುವ ಹೊಸ ಸಂಹಿತೆಯಡಿ ಕಾರ್ಮಿಕರು ವರ್ಷದ ಕೊನೆಗೆ ಹಣ ಕೇಳಿ ಪಡೆಯಬಹುದು. ರಜೆಗೆ ಅರ್ಜಿ ಹಾಕಿ ನಿರಾಕರಣೆಯಾಗಿದ್ದರೆ ಆ ದಿನಗಳಿಗೆ ಮಿತಿಯೇ ಇಲ್ಲ. ಆದ್ದರಿಂದ ಬಾಯಿಮಾತಿನಲ್ಲಿ ಕೇಳಬೇಡಿ. ಇಮೇಲ್ ಅಥವಾ ವಾಟ್ಸ್‌ಆಪ್‌ನಲ್ಲಿ ಕೇಳಿ, ‘ಈಗ ಆಗುವುದಿಲ್ಲ’ ಎಂದ ಉತ್ತರವನ್ನು ಉಳಿಸಿಕೊಳ್ಳಿ.

ರಾಜೀನಾಮೆ ಕೊಟ್ಟರೂ, ಕೆಲಸದಿಂದ ತೆಗೆದರೂ ಮಿಕ್ಕ ರಜೆಯ ಹಣ ಬರಬೇಕು. ಕಾರ್ಖಾನೆ ಕಾರ್ಮಿಕರಿಗೆ ಎರಡು ಕೆಲಸದ ದಿನಗಳೊಳಗೆ ಪಾವತಿಯಾಗಬೇಕು. ಕಾರ್ಮಿಕ ತೀರಿಕೊಂಡರೆ ಎರಡು ತಿಂಗಳೊಳಗೆ ಮನೆಯವರಿಗೆ ಸೇರಬೇಕು. ವರ್ಷದ ನಡುವೆ ಬಿಟ್ಟರೆ ದುಡಿದಷ್ಟು ದಿನಕ್ಕೆ 20ಕ್ಕೆ ಒಂದರ ಲೆಕ್ಕವೇ. ಖಾಸಗಿ ನೌಕರರಿಗೆ ಕೆಲಸ ಬಿಡುವಾಗ ಬರುವ ಈ ಹಣಕ್ಕೆ, ನಿಗದಿತ ಸೂತ್ರದಂತೆ, ಜೀವಮಾನದಲ್ಲಿ 25 ಲಕ್ಷ ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ. ಸೇವೆಯಲ್ಲಿದ್ದಾಗಲೇ ಪಡೆದರೆ ತೆರಿಗೆ ಬೀಳುತ್ತದೆ.

‘ಫುಲ್ ಅಂಡ್ ಫೈನಲ್’ ಪತ್ರಕ್ಕೆ ಸಹಿ ಹಾಕುವ ಮುನ್ನ ರಜೆಯ ದಿನ, ದಿನದ ದರ, ಒಟ್ಟು ಮೊತ್ತ ಮೂರೂ ಬರೆದಿವೆಯೇ ನೋಡಿ. ಲೆಕ್ಕ ಕೂಡದಿದ್ದರೆ ಎಚ್‌ಆರ್‌ಗೆ ಲಿಖಿತವಾಗಿ ತಿಳಿಸಿ. ಉತ್ತರ ಬಾರದಿದ್ದರೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರು ಅಥವಾ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್, ರಜೆ ಅರ್ಜಿಗಳ ಪ್ರತಿ ಜತೆಗಿರಲಿ. ವೇತನ ಸಂಹಿತೆಯಡಿ ಬಾಕಿ ಕೇಳಲು ಮೂರು ವರ್ಷಗಳ ಅವಕಾಶವಿದೆ.