ಚಿಪ್ಪಿನ ಕಸ, ರಸ್ತೆಗೆ ಬಲ



ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಿ ನಡೆದರೆ ಕಾಲು ಹೂತುಹೋಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಿರುಕು ಬಿಡುತ್ತದೆ. ನೆನೆದಾಗ ಉಬ್ಬುವ, ಒಣಗಿದಾಗ ಕುಗ್ಗುವ ಇಂತಹ ಜೇಡಿಮಣ್ಣಿನ ಮೇಲೆ ಎಷ್ಟು ಚೆನ್ನಾಗಿ ಡಾಂಬರು ಹಾಕಿದರೂ ರಸ್ತೆ ಬಿರಿಯುತ್ತದೆ. ಈ ಮಣ್ಣಿಗೆ ಬಲ ಕೊಡಬಲ್ಲ ವಸ್ತುವೊಂದು ಕಡಲತೀರದ ಊರುಗಳಲ್ಲಿ ಕಸವಾಗಿ ಬಿದ್ದಿರುತ್ತದೆ. ಅದೇ ಚಿಪ್ಪು!

ಚಿಪ್ಪಿನಲ್ಲಿ ಏನಿದೆ?

ನಮ್ಮ ಕರಾವಳಿಯ ಅಳಿವೆಗಳಲ್ಲಿ ಬಳಚು, ಮರುವಾಯಿ ಎಂದು ಜನ ಕರೆಯುವ ಮೃದ್ವಂಗಿಗಳು ಸಿಗುತ್ತವೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆ ಇವುಗಳಿಗೆ ಹೆಸರಾಗಿದೆ. ಅಡುಗೆಗೆ ಮಾಂಸ ತೆಗೆದ ಮೇಲೆ ಚಿಪ್ಪು ಉಳಿಯುತ್ತದೆ. 100 ಗ್ರಾಂ ಚಿಪ್ಪಿನಲ್ಲಿ ಸುಮಾರು 95 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಇರುತ್ತದೆ. ಸುಣ್ಣದ ಕಲ್ಲಿನಲ್ಲಿ ಮುಖ್ಯವಾಗಿ ಇರುವುದೂ ಇದೇ.

ಪುಡಿ ಬೇರೆ, ಸುಣ್ಣ ಬೇರೆ

ಚಿಪ್ಪನ್ನು ಕುಟ್ಟಿ ಮಣ್ಣಿಗೆ ಬೆರೆಸಿದರೆ ಸಾಕೇ? ಚೂರುಗಳು ಸಣ್ಣ ಜಲ್ಲಿಯಂತೆ ಮಣ್ಣಿನೊಳಗೆ ಸೇರಿ ಸ್ವಲ್ಪ ಗಟ್ಟಿತನ ಕೊಡುತ್ತವೆ. ಆದರೆ ಮಣ್ಣಿನ ಕಣಗಳನ್ನು ಬೆಸೆಯುವುದಿಲ್ಲ. ಬೆಸೆಯಬೇಕಾದರೆ ಚಿಪ್ಪನ್ನು ಸುಡಬೇಕು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದ 44 ಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಹೋಗಿ, 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದಾಗ ಬಿಸಿಯಾಗಿ ಅರಳಿದ ಸುಣ್ಣವಾಗುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಇದೇ.

ಮಣ್ಣಿನಲ್ಲಿ ಸುಣ್ಣದ ಕೆಲಸ

ಸುಣ್ಣ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಬೇಗ ಆಗುತ್ತದೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಜೇಡಿಯ ನುಣ್ಣನೆಯ ಕಣಗಳನ್ನು ಗುಂಪುಗೂಡಿಸುತ್ತದೆ. ಮಣ್ಣಿನ ಅಂಟು ಮತ್ತು ಉಬ್ಬುವಿಕೆ ಕಡಿಮೆಯಾಗುತ್ತವೆ. ಎರಡನೆಯದು ನಿಧಾನ. ವಾರಗಳು, ತಿಂಗಳುಗಳು ಕಳೆದಂತೆ ಸುಣ್ಣವು ಜೇಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾದೊಂದಿಗೆ ವರ್ತಿಸಿ ಸಿಮೆಂಟಿನಂತಹ ವಸ್ತುವನ್ನು ಉಂಟುಮಾಡುತ್ತದೆ. ಮರಳಿನಲ್ಲಿ ಜೇಡಿ ಇಲ್ಲ. ಆದ್ದರಿಂದ ಬರೀ ಮರಳಿಗೆ ಸುಣ್ಣ ಬೆರೆಸಿದರೆ ಈ ಲಾಭ ಸಿಗದು.

ಮಾಡಿ ನೋಡಿ (ಶಿಕ್ಷಕರ ಎದುರಿನಲ್ಲಿ)

ಎರೆಮಣ್ಣನ್ನು ಪುಡಿಮಾಡಿ ಜರಡಿ ಹಿಡಿಯಿರಿ. 10 ಚಮಚ ಮಣ್ಣಿಗೆ ನೀರು ಬೆರೆಸಿ ಒಂದು ಉಂಡೆ ಮಾಡಿ. ಇನ್ನೊಂದು 10 ಚಮಚ ಮಣ್ಣಿಗೆ 1 ಚಮಚ ಅರಳಿದ ಸುಣ್ಣದ ಪುಡಿ ಸೇರಿಸಿ, ನೀರು ಬೆರೆಸಿ, ಕಡ್ಡಿಯಿಂದ ಕಲಸಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಉಂಡೆ ಮಾಡಿ. ಎರಡನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಿ 15 ದಿನ ಇಡಿ. ನಂತರ ಒಂದು ದಿನ ನೆರಳಲ್ಲಿ ಆರಿಸಿ, ಬೇರೆ ಬೇರೆ ನೀರಿನ ಲೋಟಗಳಲ್ಲಿ ಬಿಡಿ. ಯಾವ ಉಂಡೆ ಮೊದಲು ಕದಡಿತು? ಗಮನಿಸಿ, ಬರೆದಿಡಿ.

ಎಚ್ಚರಿಕೆ: ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಸುಟ್ಟ ಸುಣ್ಣವನ್ನಂತೂ ಮುಟ್ಟಲೇಬೇಡಿ.

ಯೋಚಿಸಿ

1. ಸುಣ್ಣ ಸುಡುವಾಗ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ, ಸೌದೆಯೂ ಬೇಕು. ಹಾಗಾದರೆ ಈ ರಸ್ತೆಯಿಂದ ಪರಿಸರಕ್ಕೆ ಲಾಭವೆಷ್ಟು, ನಷ್ಟವೆಷ್ಟು?

2. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ಹೀಗೆ ನೀರು ತಿಳಿಯಾಗಲು ನೆರವಾಗುತ್ತದೆ. ರಸ್ತೆಗಾಗಿ ಎಂದು ಜೀವಂತ ಬಳಚನ್ನೇ ಬಾಚಿ ತೆಗೆದರೆ ಅಳಿವೆಯ ಗತಿ ಏನು?

ನೆನಪಿಡಿ: ತಿಂದು ಬಿಟ್ಟ ಚಿಪ್ಪು ಮಾತ್ರ ಕಸ. ಜೀವವಿರುವ ಚಿಪ್ಪು ಕಸವಲ್ಲ.