ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಹಾಕುವುದು ಹೇಗೆ, ಚೆನ್ನಾಗಿ ಓಡಿಸುವುದು ಹೇಗೆ?



ಎತ್ತು, ಗಾಡಿ ಎರಡೂ ಇದ್ದರೂ ಗಾಡಿ ಹೊಡೆಯುವವನು ಇಲ್ಲದಿದ್ದರೆ ಗಾಡಿ ಊರು ಸೇರುವುದಿಲ್ಲ. ಗಣಕಯಂತ್ರವೂ ಹಾಗೆಯೇ. ಕೀಲಿಮಣೆ ಒತ್ತಿದ ಅಕ್ಷರ ಪರದೆಗೆ ಬರಬೇಕು, ಪೆನ್‌ಡ್ರೈವ್ ತೆರೆಯಬೇಕು, ಹಾಡು ಕೇಳಬೇಕು ಅಂದರೆ ಒಳಗೆ ಒಬ್ಬ ಯಜಮಾನ ಬೇಕು. ಅದಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್ ಅಂಥದ್ದೊಂದು. ಲಿನಕ್ಸ್ ಇನ್ನೊಂದು.

ಲಿನಕ್ಸ್ ಎಲ್ಲಿಂದ ಬಂತು?

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಬರೆಯುತ್ತೇನೆ ಎಂದು ಗ್ನು ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಲಿನಕ್ಸ್ ಬರೆದರು. ಎರಡೂ ಸೇರಿ ಪೂರ್ತಿ ವ್ಯವಸ್ಥೆ ಆಯಿತು. ಇದರ ಗುರುತು ಪೆಂಗ್ವಿನ್ ಹಕ್ಕಿ. ನಮ್ಮ ಮನೆಗಳಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸೇ ಇದೆ. ಅಂದಮೇಲೆ ಇದು ನಮಗೆ ಹೊಸಬನಲ್ಲ!

ನಾನು ಕಲಿತದ್ದು

ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಬನಶಂಕರಿಯಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದೆ. ಅಲ್ಲಿ 2013ರ ಒಂದು ಲ್ಯಾಪ್‌ಟಾಪ್ ಅಟ್ಟದ ಮೇಲೆ ಬಿದ್ದಿತ್ತು. ಅತ್ತೆ ಅದನ್ನು ಗುಜರಿಗೆ ಹಾಕೋಣ ಅಂತಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಸೌಕರ್ಯ ಇಂಥ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಇಂಜಿನಿಯರಿಂಗ್ ಓದುವ ಭಾವ, "ಬಾ, ಇಬ್ಬರೂ ಸೇರಿ ಇದಕ್ಕೆ ಜೀವ ಕೊಡೋಣ" ಅಂದರು. ಆಗ ಬರೆದುಕೊಂಡ ಟಿಪ್ಪಣಿಯೇ ಈ ಪಾಠ.

ಹಾಕುವ ಕ್ರಮ

1. ಮೊದಲು ಒಳಗಿರುವ ಫೋಟೊ, ಕಾಗದಪತ್ರಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ಡಿಸ್ಕ್ ಅಳಿಸಿದ ಮೇಲೆ ಅತ್ತರೂ ಬರುವುದಿಲ್ಲ.

2. ಯಂತ್ರಕ್ಕೆ ತಕ್ಕ ಲಿನಕ್ಸ್ ಆರಿಸಬೇಕು. ಲಿನಕ್ಸಿನಲ್ಲಿ ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಅಂತ ಬಹಳ ಬಗೆ ಇವೆ. ನಾವು ಆರಿಸಿದ್ದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಬಗೆ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಬೇಕು. 4 ಜಿಬಿ ಇದ್ದರೆ ಆರಾಮ. ಯಂತ್ರ 64 ಬಿಟ್‌ನದ್ದಾಗಿರಬೇಕು.

3. ಲಿನಕ್ಸ್ ಕಡತವನ್ನು ಇಳಿಸಿಕೊಂಡು 8 ಜಿಬಿ ಪೆನ್‌ಡ್ರೈವಿಗೆ ಬರೆಯಬೇಕು. ಸುಮ್ಮನೆ ಕಾಪಿ ಮಾಡಿದರೆ ನಡೆಯಲ್ಲ. ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದಲೇ ಬರೆಯಬೇಕು.

4. ಲ್ಯಾಪ್‌ಟಾಪ್ ಹಚ್ಚುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವನ್ನು ಆರಿಸಬೇಕು. ಯಾವ ಕೀಲಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ.

5. ಆಗ ಏನನ್ನೂ ಅಳಿಸದೆ, ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡುತ್ತದೆ. ಇದು ಬಹಳ ಒಳ್ಳೆಯ ಸೌಲಭ್ಯ. ಇಲ್ಲೇ ಐದು ಪರೀಕ್ಷೆ ಮಾಡಿ: ವೈಫೈ ಸಿಗುತ್ತಾ? ಶಬ್ದ ಬರುತ್ತಾ? ಎಲ್ಲ ಕೀಲಿ ಒತ್ತುತ್ತವಾ? ಬೆರಳಾಡಿಸುವ ಪಟ್ಟಿ ನಡೆಯುತ್ತಾ? ಮುಚ್ಚಳ ಮುಚ್ಚಿ ತೆರೆದರೆ ಎದ್ದೇಳುತ್ತಾ?

6. ಎಲ್ಲ ಸರಿ ಅನಿಸಿದರೆ ಚಾರ್ಜರ್ ಸಿಕ್ಕಿಸಿ, "ಇನ್‌ಸ್ಟಾಲ್" ಒತ್ತಿ. ಡಿಸ್ಕ್ ಪೂರ್ತಿ ಅಳಿಸಬೇಕೋ, ವಿಂಡೋಸ್ ಪಕ್ಕದಲ್ಲೇ ಇರಬೇಕೋ ಎಂದು ಅದು ಕೇಳುತ್ತದೆ. ಅವಸರ ಮಾಡದೆ ಓದಿ ಉತ್ತರಿಸಬೇಕು.

ಚೆನ್ನಾಗಿ ಓಡಿಸುವ ಕ್ರಮ

ಹಾಕೋದು ಸುಲಭ, ಹದ ಮಾಡೋದೇ ಕೆಲಸ ಅಂತ ಭಾವ ಹೇಳಿದ್ದು ನಿಜ.

ವೈಫೈ: ನಮ್ಮ ಲ್ಯಾಪ್‌ಟಾಪಿನಲ್ಲಿ ವೈಫೈ ಸಿಗಲೇ ಇಲ್ಲ. ಕಾರಣ ಇದು: ಕೆಲವು ವೈಫೈ ಚಿಪ್ಪುಗಳಿಗೆ ಅವನ್ನು ತಯಾರಿಸಿದವರದೇ ಚಾಲಕ ತಂತ್ರಾಂಶ ಬೇಕು. ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ವೈಫೈ ಬೇಕು! ಬಾವಿಗೆ ಬಿದ್ದ ಹಗ್ಗವನ್ನು ಎತ್ತಲು ಹಗ್ಗ ಹುಡುಕಿದಂತೆ. ಉಪಾಯ ಏನೆಂದರೆ, ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ "ಯುಎಸ್‌ಬಿ ಟೆದರಿಂಗ್" ಹಚ್ಚಬೇಕು. ಫೋನಿನ ಇಂಟರ್‌ನೆಟ್ ತಂತಿಯಲ್ಲೇ ಬರುತ್ತದೆ. ಆಮೇಲೆ "ಡ್ರೈವರ್ ಮ್ಯಾನೇಜರ್" ತೆರೆದರೆ ಬೇಕಾದ ಚಾಲಕವನ್ನು ಅದೇ ತೋರಿಸುತ್ತದೆ. ಹಾಕಿ, ಯಂತ್ರ ಆರಿಸಿ ಹಚ್ಚಿದರೆ ವೈಫೈ ಬಂತು.

ವೇಗ: ಹಳೆಯ ಹಾರ್ಡ್‌ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಅದಕ್ಕೇ ನಿಧಾನ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಭಾವ ನನ್ನನ್ನು ಮೆಟ್ರೊದಲ್ಲಿ ಚಿಕ್ಕಪೇಟೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಎಸ್‌.ಪಿ. ರೋಡಿಗೆ ನಡೆಸಿ, ಚಿಕ್ಕದೊಂದು ಎಸ್‌ಎಸ್‌ಡಿ ಕೊಂಡರು. ಹಳೆಯ ಯಂತ್ರಕ್ಕೆ ಇದರಷ್ಟು ಉಪಯೋಗದ ಖರ್ಚು ಬೇರೆ ಇಲ್ಲ.

ಬ್ಯಾಟರಿ: ಪರದೆಯ ಬೆಳಕು ತಗ್ಗಿಸಿ, ಬೇಡದಾಗ ಬ್ಲೂಟೂತ್ ಆರಿಸಿ. "ಪವರ್ ಮ್ಯಾನೇಜರ್" ತೆರೆದರೆ ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಎಂದು ಗೊತ್ತಾಗುತ್ತದೆ. ಅರ್ಧಕ್ಕಿಂತ ಬಹಳ ಕಮ್ಮಿಯಾಗಿದ್ದರೆ ತಪ್ಪು ಲಿನಕ್ಸಿನದಲ್ಲ, ಬ್ಯಾಟರಿಗೆ ವಯಸ್ಸಾಗಿದೆ.

ಕನ್ನಡ: ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ "ಕಗಪ" ವಿನ್ಯಾಸ ಸೇರಿಸಿದರೆ ಸಾಕು. ಇದರ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ನುಡಿಯಲ್ಲಿ ಬೆರಳು ಪಳಗಿದವರಿಗೆ ಕಷ್ಟವೇ ಇಲ್ಲ. ಎಫ್ ಕೀಲಿ ಒತ್ತಕ್ಷರ ಕೂಡಿಸುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ "ಕನ್ನಡ" ಎಂದಾಗುತ್ತದೆ. ಗುರುಗಳ ಗಮನಕ್ಕೆ: ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಇಲ್ಲಿ ಗೋಜಲಾಗಿ ಕಾಣುತ್ತವೆ. ಮೊದಲೇ ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಬೇಕು.

ಕಾವಲು: "ಟೈಮ್‌ಶಿಫ್ಟ್" ಹಚ್ಚಿಡಿ. ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ನಿನ್ನೆಯ ಸ್ಥಿತಿಗೆ ಒಯ್ಯಬಹುದು. ಆದರೆ ನಮ್ಮ ಫೋಟೊ, ಪಾಠಗಳ ಪ್ರತಿ ಅದರಲ್ಲಿ ಇರುವುದಿಲ್ಲ. ಅದನ್ನು ಬೇರೆ ಇಟ್ಟುಕೊಳ್ಳಬೇಕು.

ಶಾಲೆಗಳಲ್ಲಿ ಇದು ನಡೆಯುತ್ತದೆಯೇ?

ನಡೆದಿದೆ. ಬೆಂಗಳೂರಿನ ಜಯನಗರದ ಐಟಿ ಫಾರ್ ಚೇಂಜ್ ಸಂಸ್ಥೆಯು, ಬನಶಂಕರಿಯಲ್ಲಿರುವ ಡಿಎಸ್‌ಇಆರ್‌ಟಿ ಜೊತೆ ಸೇರಿ, ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು ಮತ್ತು ಜಿಯೋಜಿಬ್ರಾ ಬಳಸುವ ತರಬೇತಿ ಕೊಟ್ಟಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಂತೂ ಲಿನಕ್ಸೇ ಇದೆ. ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠವನ್ನು ಇದರಲ್ಲೇ ಕಲಿಯುತ್ತಾರೆ.

ಎಲ್ಲವೂ ಆಗುತ್ತದೆ ಅಂತ ಅಲ್ಲ. ವಿಂಡೋಸಿಗೆಂದೇ ಬರೆದ ಕೆಲವು ತಂತ್ರಾಂಶ ಇಲ್ಲಿ ಓಡುವುದಿಲ್ಲ. ಕೆಲವು ಪ್ರಿಂಟರ್ ಮುಷ್ಕರ ಹೂಡುತ್ತವೆ. ಆದರೆ ಬರೆಯಲು ಲಿಬ್ರೆಆಫೀಸ್, ಗಣಿತಕ್ಕೆ ಜಿಯೋಜಿಬ್ರಾ, ಆಕಾಶ ನೋಡಲು ಸ್ಟೆಲೇರಿಯಮ್, ಚಿಕ್ಕ ಮಕ್ಕಳ ಚಿತ್ರಕ್ಕೆ ಟಕ್ಸ್ ಪೇಂಟ್, ಇವೆಲ್ಲಾ ಉಚಿತವಾಗಿ ಸಿಗುತ್ತವೆ.

ಒಂದು ವಿನಂತಿ

ಮಾವನ ಮನೆಯ ಆ ಲ್ಯಾಪ್‌ಟಾಪ್ ಈಗ ನಮ್ಮ ಊರಿಗೆ ಬಂದಿದೆ. ಅಕ್ಕ ಡಿಗ್ರಿಯ ಪಾಠಗಳನ್ನು ಅದರಲ್ಲೇ ಓದುತ್ತಾಳೆ. ಹೊಸದು ಕೊಳ್ಳುವ ಶಕ್ತಿ ಅಪ್ಪನಿಗೆ ಇರಲಿಲ್ಲ. ನಮ್ಮ ಶಾಲೆಯ ಬೀರುವಿನಲ್ಲೂ ಎರಡು ಹಳೆಯ ಲ್ಯಾಪ್‌ಟಾಪ್ ಇವೆ. ನಾವು ಹತ್ತನೇ ತರಗತಿಯವರು ಮಾರ್ಚ್ ಆದಮೇಲೆ ಶಾಲೆ ಬಿಡುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಇನ್ನೂ ಕೀಲಿಮಣೆ ಮುಟ್ಟಿಲ್ಲ. ಮುಖ್ಯೋಪಾಧ್ಯಾಯರು ಅಪ್ಪಣೆ ಕೊಟ್ಟರೆ ಒಂದು ಶನಿವಾರ ಮಧ್ಯಾಹ್ನ, ಗುರುಗಳ ಎದುರಿನಲ್ಲೇ, ಪೆನ್‌ಡ್ರೈವಿನಿಂದ ಓಡಿಸಿ ತೋರಿಸುತ್ತೇನೆ. ಒಳಗಿರುವ ಒಂದಕ್ಷರವೂ ಅಳಿಯುವುದಿಲ್ಲ.

ಅಭ್ಯಾಸ: ಯೋಚಿಸಿ ಉತ್ತರಿಸಿರಿ

1. ಲಿನಕ್ಸ್ ಹುಟ್ಟಿದ ವರ್ಷ ಯಾವುದು?
2. ಡಿಸ್ಕ್ ಅಳಿಸದೆ ಲಿನಕ್ಸ್ ಪರೀಕ್ಷಿಸುವುದು ಹೇಗೆ?
3. ವೈಫೈ ಇಲ್ಲದಾಗ ಇಂಟರ್‌ನೆಟ್ ತರುವ ಉಪಾಯವೇನು?
4. ಎಸ್‌ಎಸ್‌ಡಿ ಏಕೆ ವೇಗವಾಗಿದೆ?