ಪಕ್ಕದ ಸೀಟಿನ ಏರ್‌ಬ್ಯಾಗ್ ಸೆನ್ಸರ್: ದುರಸ್ತಿಯೂ ಬಿಲ್ಲೂ

ಗಾಂಧಿನಗರದ ಅನೇಕ ವರ್ತಕರ ಕಾರಿನಲ್ಲಿ ಚಾಲಕನ ಪಕ್ಕದ ಸೀಟು ಮಾದರಿ ಪೆಟ್ಟಿಗೆ, ಲೆಕ್ಕದ ಕಡತಗಳ ಜಾಗವೂ ಹೌದು. ಹೊಸ ಮಾದರಿಯ ಕಾರುಗಳಲ್ಲಿ ಆ ಬದಿಯ ಏರ್‌ಬ್ಯಾಗ್ 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಕೆಲವು ಕಾರುಗಳ ಸೀಟಿನಲ್ಲಿ ತೂಕವನ್ನು ಅರಿಯುವ ಸೆನ್ಸರ್ ಇದ್ದು, ಕುಳಿತವರು ಮಗುವೋ ವಯಸ್ಕರೋ ಎಂಬುದನ್ನು ಅದರ ಮಾಡ್ಯೂಲ್ ನಿರ್ಧರಿಸುತ್ತದೆ. ಈ ನಿರ್ಣಯ ತಪ್ಪಿದರೆ ಬ್ಯಾಗ್ ಉಬ್ಬಬೇಕಾದಾಗ ಉಬ್ಬದೆ, ಉಬ್ಬಬಾರದಾಗ ಉಬ್ಬಬಹುದು.

ಮೊದಲು ತಪಾಸಣೆ

ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತಲೇ ಇದ್ದರೆ ಕೂಡಲೇ ಬಿಡಿಭಾಗ ಕೊಳ್ಳುವುದು ಸಲ್ಲದು. ಸ್ಕ್ಯಾನರಿನಿಂದ ದೋಷದ ಸಂಕೇತವನ್ನು ಓದಿಸಬೇಕು. ಸೀಟಿನಡಿಯ ಕನೆಕ್ಟರ್ ಸಡಿಲಗೊಂಡಿರುವುದೂ ಉಂಟು. ಮಾಡ್ಯೂಲ್ ಕೆಟ್ಟಿರುವುದು ಖಚಿತವಾದ ಮೇಲೆ ಕಾರಿನ ಚಾಸಿ ಸಂಖ್ಯೆಗೆ ಹೊಂದುವ ಭಾಗವನ್ನೇ ತರಿಸತಕ್ಕದ್ದು. ಕೆಲವು ಕಾರುಗಳಲ್ಲಿ ಮೆತ್ತೆ, ಸೆನ್ಸರ್ ಹಾಗೂ ಮಾಡ್ಯೂಲ್ ಒಂದೇ ಜೋಡಣೆಯಾಗಿ ಬರುತ್ತವೆ. ಅವನ್ನು ಬಿಡಿಸಿ ಬೆರೆಸಬಾರದು.

ಕೆಲಸದ ಕ್ರಮ

ಇದು ತರಬೇತಿ ಪಡೆದ ಮೆಕ್ಯಾನಿಕ್‌ನ ಕೆಲಸ. ಮಾಲೀಕರು ಕ್ರಮವನ್ನು ತಿಳಿದಿದ್ದರೆ ಸಾಕು. ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ತಯಾರಕರ ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು. ತಂತಿ ಕಳಚಿದ ಮೇಲೂ ನಿಯಂತ್ರಣ ಘಟಕದಲ್ಲಿ ಸ್ವಲ್ಪ ಹೊತ್ತು ಉಳಿಯುವ ವಿದ್ಯುತ್ತು ಬ್ಯಾಗನ್ನು ಉಬ್ಬಿಸಬಲ್ಲದು. ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವ ಏರ್‌ಬ್ಯಾಗ್ ಕನೆಕ್ಟರುಗಳಿಗೆ ಮೀಟರ್ ಹಚ್ಚಿ ಪರೀಕ್ಷಿಸುವುದು ಅಪಾಯಕರ. ಸೀಟಿನ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ನಿಗದಿತ ಬಲದಲ್ಲಿ ಬಿಗಿದು, ಎಲ್ಲ ಕನೆಕ್ಟರುಗಳನ್ನು ಕೂಡಿಸಿದ ನಂತರವೇ ಬ್ಯಾಟರಿಯನ್ನು ಜೋಡಿಸಬೇಕು. ಕೊನೆಗೆ ಕೈಪಿಡಿಯ ಪ್ರಕಾರ, ಸೀಟನ್ನು ಖಾಲಿಯಾಗಿಟ್ಟು ಸ್ಕ್ಯಾನರಿನಿಂದ ತೂಕದ ಶೂನ್ಯವನ್ನು ಹೊಂದಿಸಬೇಕು. ತಕ್ಕಡಿಯ ಶೂನ್ಯ ತಪ್ಪಿದರೆ ತೂಕವೆಲ್ಲ ತಪ್ಪುವುದನ್ನು ವರ್ತಕರಿಗೆ ಹೇಳಬೇಕಾಗಿಲ್ಲ.

ಬಿಲ್ಲಿನ ಲೆಕ್ಕ

ಚಾಲಕನೂ ಸೇರಿ 13 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಸ್ವಂತ ಬಳಕೆಯ ಕಾರಿನ ದುರಸ್ತಿಗೆ, ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಮಿನಂತೆ ಹೂಡುವಳಿ ತೆರಿಗೆಯ ಜಮೆ ಸಿಗದು. ‘ಜಮೆ ಇಲ್ಲದ ಮೇಲೆ ಬಿಲ್ಲೇಕೆ?’ ಎಂದು ಜೆ.ಸಿ. ರಸ್ತೆಯಲ್ಲಿ ಬಿಲ್ಲಿಲ್ಲದೆ ಭಾಗ ಕೊಳ್ಳಲು ಯಾರಿಗಾದರೂ ಮನಸ್ಸಾಗಬಹುದು. ಲೆಕ್ಕ ಹಾಗೆನ್ನುವುದಿಲ್ಲ. ಉದಾಹರಣೆಗೆ, ಭಾಗದ ಬೆಲೆ ರೂ. 10,000 ಎಂದಿರಲಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗಿರುವ ಶೇ. 18ರ ದರದಲ್ಲಿ ತೆರಿಗೆ ರೂ. 1,800; ಒಟ್ಟು ರೂ. 11,800. ಕಾರು ವ್ಯಾಪಾರಕ್ಕೇ ಬಳಕೆಯಾಗುತ್ತಿದ್ದರೆ ಇಷ್ಟೂ ದುರಸ್ತಿ ವೆಚ್ಚವಾಗಿ, ಶೇ. 30ರ ದರದಲ್ಲಿ ಆದಾಯ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಗೆ ರೂ. 3,540 ಉಳಿಯುತ್ತದೆ. ಕೈಬಿಟ್ಟದ್ದು ರೂ. 8,260 ಮಾತ್ರ. ಬಿಲ್ಲಿಲ್ಲದೆ ಕೊಂಡವರಿಗೆ ಪೂರ್ತಿ ರೂ. 10,000 ನಷ್ಟ. ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ವೆಚ್ಚವನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲವಾದ್ದರಿಂದ ಪಾವತಿ ಬ್ಯಾಂಕಿನ ಮೂಲಕವೇ ಆಗಲಿ.

ಬಿಲ್ಲಿನಲ್ಲಿ ಭಾಗದ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಶೂನ್ಯ ಹೊಂದಿಸಿದ ವಿವರ ಇರಲಿ. ವಾರಂಟಿ ಕೇಳುವಾಗ ಆಧಾರವಾಗುವುದು ಅದೇ ಕಾಗದ. ಕಾರನ್ನು ಮರಳಿ ಪಡೆಯುವ ಮುನ್ನ ಏರ್‌ಬ್ಯಾಗ್ ದೀಪ ಆರಿರುವುದನ್ನು ಮಾಲೀಕರು ಕಣ್ಣಾರೆ ನೋಡತಕ್ಕದ್ದು.